ಕುಡಿಯದ ಇಬ್ಬರಿಂದ ಶುರುವಾದ ನಮ್ಮ ನಾಪಾ ಪ್ಲಾನ್

ನಾಪಾ ಅಂದರೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ವೈನ್‌ಗೆ ಹೆಸರಾದ ಕಣಿವೆ. ಅಲ್ಲಿಗೆ ಗೆಳೆಯರ ಜೊತೆ ಎರಡು ಸಲ ಹೋಗಿದ್ದೇನೆ. ಎರಡೂ ಸಲ ಅದೇ ಎಂಟು ಜನ, ಎರಡೂ ಸಲ ಪ್ಲಾನ್ ಮಾಡಿದ್ದು ನಾನೇ. ಮೊದಲನೇ ಸಲ ವಾಪಸ್ ಬರುವಾಗ ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಎರಡನೇ ಸಲ ಮನೆಯಿಂದ ಸಾಮಾನು ಇಳಿಸುವಾಗಲೇ ಮುಂದಿನ ಸಲ ಯಾವಾಗ ಅಂತ ಶುರುವಾಗಿತ್ತು. ನಡುವೆ ನಾನು ಏನು ಬದಲಾಯಿಸಿದೆ ಅನ್ನುವುದನ್ನು ಮೂರು ನಾಲ್ಕು ಜನರಿಗೆ ಫೋನಿನಲ್ಲಿ ಹೇಳಿದ್ದೇನೆ, ಇಲ್ಲಿ ಒಮ್ಮೆ ಪೂರ್ತಿ ಬರೆದುಬಿಡುತ್ತೇನೆ.

ಮೊದಲ ಸಲ ಹೋಗಿದ್ದು ಸೆಪ್ಟೆಂಬರ್‌ನ ಒಂದು ಶನಿವಾರ. ಅಲ್ಲಿ ದ್ರಾಕ್ಷಿ ಕೊಯ್ಲು ಹೆಚ್ಚುಕಡಿಮೆ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ನಡೆಯುತ್ತದೆ, ಜನವೂ ಆಗಲೇ ಜಾಸ್ತಿ. ಮ್ಯಾಪ್ ನೋಡಿದರೆ ಕಣಿವೆ ಉದ್ದಕ್ಕೆ 30 ಮೈಲಿ ಅಷ್ಟೇ. ಅಗಲ ಅಂತೂ ಕೆಲವೇ ಮೈಲಿ. ಇಷ್ಟು ಚಿಕ್ಕ ಜಾಗ ಅಲ್ವಾ ಅಂತ ಒಂದೇ ದಿನಕ್ಕೆ ನಾಲ್ಕು ವೈನರಿ (ವೈನ್ ಮಾಡಿ ಅಲ್ಲೇ ರುಚಿ ತೋರಿಸುವ ಜಾಗ) ಬುಕ್ ಮಾಡಿದೆ, ಅದೂ ಒಂದು ಕೆಳಗೆ ನಾಪಾ ಊರಿನ ಹತ್ತಿರ, ಇನ್ನೊಂದು ಮೇಲೆ ಕ್ಯಾಲಿಸ್ಟೋಗಾದಲ್ಲಿ, ಮತ್ತೆ ಕೆಳಗೆ ಬಂದು ಎರಡು. ಸೇಂಟ್ ಹೆಲೆನಾ ಹತ್ತಿರ ಹೈವೇ 29 ಒಂದೊಂದೇ ಲೇನ್. ಅಲ್ಲಿ ಕಾರು ಇರುವೆ ಸಾಲಿನ ಹಾಗೆ ಹೋಗುತ್ತದೆ. ಎರಡನೇ ವೈನರಿಗೆ ತಲುಪುವಾಗ 25 ನಿಮಿಷ ತಡ, ನಮ್ಮ ಸಮಯ ಬೇರೆಯವರಿಗೆ ಹೋಗಿತ್ತು, ಕಟ್ಟಿದ ದುಡ್ಡೂ ವಾಪಸ್ ಬರಲಿಲ್ಲ. ಮೂರನೇ ಕಡೆ ಎಂಟು ಜನಕ್ಕೆ ಆನ್‌ಲೈನ್‌ನಲ್ಲಿ ಜಾಗ ಸಿಗದೆ ನಾಲ್ಕು ನಾಲ್ಕು ಜನರ ಹೆಸರಲ್ಲಿ ಎರಡು ಬುಕಿಂಗ್ ಮಾಡಿದ್ದೆ. ಅವರು ನಮ್ಮನ್ನು ಎರಡು ಬೇರೆ ಟೇಬಲ್‌ಗೆ ಕೂರಿಸಿದರು.

ಇದೆಲ್ಲ ಸರಿಮಾಡಬಹುದಾದ ವಿಷಯ. ನನಗೆ ನಿಜವಾಗಿ ಬೇಜಾರಾಗಿದ್ದು ಬೇರೆ. ನಮ್ಮ ಗುಂಪಿನಲ್ಲಿ ಇಬ್ಬರು ಕುಡಿಯುವುದಿಲ್ಲ. ಒಬ್ಬ ವಿಜಯಪುರ ಕಡೆಯವನು, ಯಾವತ್ತೂ ಮುಟ್ಟಿದವನಲ್ಲ. ಇನ್ನೊಬ್ಬಳಿಗೆ ಮೈಗ್ರೇನ್, ಒಂದು ಗುಟುಕು ವೈನ್ ಕುಡಿದರೂ ತಲೆನೋವು. ಅವತ್ತು ಕಾರು ಓಡಿಸಿದ್ದು ಅವರಿಬ್ಬರೇ. ನಾವು ಗ್ಲಾಸ್ ಹಿಡಿದು ಕೂತಿದ್ದಾಗ ಅವರು ಹೊರಗೆ ಬಿಸಿಲಲ್ಲಿ ಫೋನ್ ನೋಡುತ್ತಾ ನಿಂತಿದ್ದರು. ರಾತ್ರಿ ಆಕೆ ಮೆಲ್ಲಗೆ ಹೇಳಿದಳು, "ಬೇಜಾರೇನಿಲ್ಲ ಕಣೇ, ಆದ್ರೆ ನನ್ನ ಯಾಕೆ ಕರೆದೆ ಅಂತ ಗೊತ್ತಾಗಲಿಲ್ಲ."

ಆ ಮಾತು ತುಂಬಾ ದಿನ ತಲೆಯಲ್ಲೇ ಇತ್ತು. ಎರಡನೇ ಸಲ ವೈನರಿ ಪಟ್ಟಿ ತೆಗೆಯುವ ಮೊದಲು ಆ ಇಬ್ಬರಿಗೇ ಫೋನ್ ಮಾಡಿದೆ. ಆಮೇಲೆ ಉಳಿದವರಿಗೂ ಒಬ್ಬೊಬ್ಬರಿಗೆ. ವಾಟ್ಸಾಪ್ ಗುಂಪಿನಲ್ಲಿ ಕೇಳಿದರೆ ಎಲ್ಲರೂ "ನಂಗೆ ಏನಾದ್ರೂ ಓಕೆ" ಅಂತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ಒಬ್ಬೊಬ್ಬರೇ ಸಿಕ್ಕರೆ ಮನಸ್ಸಿನಲ್ಲಿರುವುದು ಹೊರಗೆ ಬರುತ್ತದೆ. ನಾನು ಕೇಳಿದ್ದು ಮೂರೇ: ಕುಡಿಯುತ್ತೀರಾ ಇಲ್ವಾ, ಎಷ್ಟು ಖರ್ಚಾದರೆ ಮನಸ್ಸಿಗೆ ಕಸಿವಿಸಿ ಆಗಲ್ಲ, ಇದೊಂದು ಆಗದಿದ್ದರೆ ಬಂದಿದ್ದೇ ದಂಡ ಅನ್ನಿಸುವಂಥದ್ದು ಏನು.

ಮೂರನೇ ಪ್ರಶ್ನೆಗೆ ಬಂದ ಉತ್ತರಗಳ ಮೇಲೇ ಪ್ಲಾನ್ ಕಟ್ಟಿದ್ದು. ವಿಜಯಪುರದವನು ತೋಟದ ಒಳಗೆ ನಡೆಯಬೇಕು ಅಂದ, ಅವನ ಅಪ್ಪ ಒಣದ್ರಾಕ್ಷಿಗೆ ದ್ರಾಕ್ಷಿ ಬೆಳೆಯುತ್ತಾರೆ. ಮೈಗ್ರೇನ್ ಇರುವವಳಿಗೆ ಬೆಳಿಗ್ಗೆ ಅವಸರ ಇರಬಾರದು, ಬಿಸಿಲಲ್ಲಿ ಊಟ ತಪ್ಪಬಾರದು. ಇನ್ನೊಬ್ಬನಿಗೆ ಸ್ಟ್ಯಾಗ್ಸ್ ಲೀಪ್ ವೈನ್ ಸೆಲ್ಲರ್ಸ್ ಅನ್ನುವ ವೈನರಿ ನೋಡಲೇಬೇಕು. 1976ರಲ್ಲಿ ವೈನ್ ವ್ಯಾಪಾರಿ ಸ್ಟೀವನ್ ಸ್ಪರಿಯರ್ ಪ್ಯಾರಿಸ್‌ನಲ್ಲಿ ಲೇಬಲ್ ಮುಚ್ಚಿ ಒಂದು ಟೇಸ್ಟಿಂಗ್, ಅಂದರೆ ವೈನ್ ರುಚಿ ನೋಡುವ ಸ್ಪರ್ಧೆ, ನಡೆಸಿದರಲ್ಲ, ಫ್ರಾನ್ಸ್‌ನ ಜಡ್ಜ್‌ಗಳು ಕೆಂಪು ವೈನ್‌ನಲ್ಲಿ ಮೊದಲ ಸ್ಥಾನ ಕೊಟ್ಟಿದ್ದು ಆ ವೈನರಿಯ 1973ರ ಕ್ಯಾಬರ್ನೆ ಸೋವಿನ್ಯಾನ್ ಅನ್ನುವ ಗಟ್ಟಿ ಕೆಂಪು ವೈನ್‌ಗೆ. ಬಿಳಿಯಲ್ಲಿ ಗೆದ್ದ ಶಾಟೋ ಮಾಂಟೆಲೀನಾ ಕೂಡ ನಾಪಾದ ವೈನರಿಯೇ, ಗೆದ್ದ ಅದರ ಶಾರ್ಡನೆ (ಬಿಳಿ ವೈನ್) ಕೂಡ 1973ರದ್ದು. ಈ ಕಥೆಯನ್ನು ಅವನು ವರ್ಷಗಳಿಂದ ಹೇಳುತ್ತಲೇ ಇದ್ದ, ಜಾಗ ಮಾತ್ರ ನೋಡಿರಲಿಲ್ಲ.

ತಿಂಗಳು ಬದಲಾಯಿಸಿದ್ದು ದೊಡ್ಡ ಲಾಭ. ಫೆಬ್ರವರಿ ಕೊನೆಗೆ ಹೋದೆವು, ಶುಕ್ರವಾರದಿಂದ ಭಾನುವಾರ. ಆಗ ಬಳ್ಳಿಗಳು ಬೋಳಾಗಿರುತ್ತವೆ, ಹಸಿರು ಬೇಕು ಅನ್ನುವವರಿಗೆ ಇಷ್ಟ ಆಗಲಿಕ್ಕಿಲ್ಲ. ಆದರೆ ಸಾಲುಗಳ ನಡುವೆ ಪೂರ್ತಿ ಸಾಸಿವೆ ಹೂ ಬಿಟ್ಟಿರುತ್ತದೆ, ಕಣ್ಣು ಹಾಯಿಸಿದಷ್ಟು ಹಳದಿ. ಮಳೆ ಬರಬಹುದು ಅಂತ ಜಾಕೆಟ್ ಇಟ್ಟುಕೊಂಡರೆ ಸಾಕು. ಮುಖ್ಯವಾದ ಟೇಸ್ಟಿಂಗ್‌ಗಳನ್ನು ಶುಕ್ರವಾರಕ್ಕೇ ಇಟ್ಟೆ. ವಾರದ ದಿನ ಆಗಿದ್ದರಿಂದ ವೈನ್ ಸುರಿದು ಕೊಡುವವರಿಗೂ ಮಾತಾಡಲು ಪುರುಸೊತ್ತು ಇತ್ತು.

ಉಳಿಯುವ ಮನೆ ಹುಡುಕುವಾಗ ಒಂದು ವಿಷಯ ಗೊತ್ತಿರಲಿ. ನಾಪಾ ಕೌಂಟಿಯಲ್ಲಿ (ನಮ್ಮ ಜಿಲ್ಲೆ ಇದ್ದ ಹಾಗೆ) ಊರುಗಳ ಗಡಿಯ ಹೊರಗೆ 30 ದಿನಕ್ಕಿಂತ ಕಡಿಮೆ ಅವಧಿಗೆ ಮನೆ ಬಾಡಿಗೆಗೆ ಕೊಡುವ ಹಾಗಿಲ್ಲ. ತೋಟದ ನಡುವಿನ ಮನೆ ಅಂತ ಚಂದದ ಫೋಟೋ ನೋಡಿ ದುಡ್ಡು ಕಟ್ಟುವ ಮೊದಲು ಪರ್ಮಿಟ್ ನಂಬರ್ ಕೇಳಿ. ನಾವು ಪಕ್ಕದ ಸೊನೋಮಾ ಕೌಂಟಿಯಲ್ಲಿ ಪರ್ಮಿಟ್ ಇರುವ ಮನೆ ಹಿಡಿದೆವು. ಎಂಟು ಜನ ಒಂದೇ ಸೂರಿನಡಿ, ಅಡುಗೆಮನೆಯೂ ಸಿಕ್ಕಿತು. ದಿನವಿಡೀ ವೈನು ಚೀಸು ಆದಮೇಲೆ ರಾತ್ರಿ ಬಿಸಿ ಅನ್ನ ಸಾರು ಮಾಡಿಕೊಂಡೆವು. ಅಷ್ಟು ರುಚಿಯಾದ ಸಾರು ನಾನು ತುಂಬಾ ದಿನದಿಂದ ತಿಂದಿರಲಿಲ್ಲ.

ಈಗ ಮುಖ್ಯ ವಿಷಯ. ದಿನಕ್ಕೆ ಎರಡೇ ವೈನರಿ. ಇದರ ಹಿಂದೆ ಸರಳ ಲೆಕ್ಕ ಇದೆ. ಟೇಸ್ಟಿಂಗ್‌ನಲ್ಲಿ ಒಂದು ಸಲಕ್ಕೆ ಸುರಿಯುವುದು ಸುಮಾರು ಒಂದು ಔನ್ಸ್, ಅಂದರೆ 30 ಮಿಲಿ. ಐದು ವೈನ್ ರುಚಿ ನೋಡಿದರೆ 150 ಮಿಲಿ, ಅದು ಒಂದು ಪೂರ್ತಿ ಗ್ಲಾಸ್. ನಾಲ್ಕು ವೈನರಿ ಅಂದರೆ ನಾಲ್ಕು ಗ್ಲಾಸ್, ಜೊತೆಗೆ ಪ್ರೀತಿಯಿಂದ ಸುರಿದಿದ್ದು ಬೇರೆ. ಮೂರನೆಯದಕ್ಕೆ ಬರುವಾಗ ನಾಲಿಗೆ ದಣಿದಿರುತ್ತದೆ, ಏನು ಕುಡಿದರೂ ಒಂದೇ ಥರ. ಟೇಬಲ್ ಮೇಲೆ ಒಂದು ಬಕೆಟ್ ಇಟ್ಟಿರುತ್ತಾರೆ, ಉಳಿದಿದ್ದನ್ನು ಅದಕ್ಕೆ ಸುರಿಯಿರಿ, ಉಗುಳಿದರೂ ಯಾರೂ ತಪ್ಪು ತಿಳಿಯುವುದಿಲ್ಲ. ಮೊದಲ ಸಲ ನಮಗೆ ಅದನ್ನು ಮುಟ್ಟಲು ಸಂಕೋಚ ಆಗಿತ್ತು.

ಯಾವ ಕ್ರಮದಲ್ಲಿ ಹೋಗಬೇಕು ಅನ್ನುವುದಕ್ಕೆ ಭೂಗೋಳವೇ ಸಹಾಯ ಮಾಡುತ್ತದೆ. ಕಣಿವೆಯ ದಕ್ಷಿಣ ತುದಿಯಲ್ಲಿ ಕಾರ್ನೆರೋಸ್ ಇದೆ, ನಾಪಾ ಸೊನೋಮಾ ಎರಡಕ್ಕೂ ಸೇರಿದ ಜಾಗ. ಸ್ಯಾನ್ ಪಾಬ್ಲೋ ಕೊಲ್ಲಿಯ ಮಂಜು, ಗಾಳಿ ನೇರ ಬರುವುದರಿಂದ ಅಲ್ಲಿ ತಂಪು. ಅದಕ್ಕೇ ಪಿನೋ ನ್ವಾರ್ ಅನ್ನುವ ಹಗುರ ಕೆಂಪು ವೈನ್, ಶಾರ್ಡನೆ, ಗುಳ್ಳೆ ಬರುವ ಸ್ಪಾರ್ಕ್ಲಿಂಗ್ ವೈನ್ ಜಾಸ್ತಿ. ಉತ್ತರಕ್ಕೆ ಹೋದ ಹಾಗೆ ಬಿಸಿಲು ಏರುತ್ತದೆ, ಕ್ಯಾಬರ್ನೆ ಬರುತ್ತದೆ. ಟೇಸ್ಟಿಂಗ್‌ನಲ್ಲೂ ಹಗುರವಾದದ್ದು ಮೊದಲು, ಗಟ್ಟಿಯಾದದ್ದು ಆಮೇಲೆ ಅಲ್ವಾ? ಹಾಗಾಗಿ ದಕ್ಷಿಣದಿಂದ ಉತ್ತರಕ್ಕೆ ಹೋದರೆ ರಸ್ತೆಗೂ ನಾಲಿಗೆಗೂ ಒಂದೇ ದಾರಿ ಆಗುತ್ತದೆ. ಬೆಳಿಗ್ಗೆ 11ಕ್ಕೆ ಕಾರ್ನೆರೋಸ್‌ನ ಒಂದು ಸಣ್ಣ ವೈನರಿ, ಮಧ್ಯಾಹ್ನ ನಾಪಾ ಊರಿನ ಆಕ್ಸ್‌ಬೋ ಪಬ್ಲಿಕ್ ಮಾರ್ಕೆಟ್‌ನಲ್ಲಿ ಊಟ, 3 ಗಂಟೆಗೆ ಸ್ಟ್ಯಾಗ್ಸ್ ಲೀಪ್. ಆ ಮಾರ್ಕೆಟ್‌ನಲ್ಲಿ ಬೇರೆ ಬೇರೆ ಅಂಗಡಿಗಳಿವೆ, ಯಾರಿಗೆ ಏನು ಬೇಕೋ ತಂದು ಒಟ್ಟಿಗೆ ಕೂತು ತಿನ್ನಬಹುದು, ಸಸ್ಯಾಹಾರಿಗಳು ಇರುವ ಗುಂಪಿಗೆ ಇದಕ್ಕಿಂತ ಸುಲಭ ಇಲ್ಲ. ಅಲ್ಲಿಂದ ಹೈವೇ 29 ಬಿಟ್ಟು ಸಿಲ್ವರಾಡೋ ಟ್ರೇಲ್ ಹಿಡಿದೆವು. ಎರಡೂ ಅಕ್ಕಪಕ್ಕ ಹೋಗುವ ರಸ್ತೆಗಳು, ಇದು ಹೆಚ್ಚು ಸಲೀಸು, ಸ್ಟ್ಯಾಗ್ಸ್ ಲೀಪ್ ಕೂಡ ಇದರ ಮೇಲೇ ಇದೆ.

ಬುಕಿಂಗ್ ಎರಡೂ ಕಡೆ ಒಂದೂವರೆ ತಿಂಗಳ ಮೊದಲೇ, ಆನ್‌ಲೈನ್ ಬಿಟ್ಟು ಇಮೇಲ್‌ನಲ್ಲಿ. ಆರು ಜನ ದಾಟಿದರೆ ಎಷ್ಟೋ ಕಡೆ ಆನ್‌ಲೈನ್ ಪುಟ ಜಾಗವೇ ತೋರಿಸುವುದಿಲ್ಲ, ಬರೆದು ಕೇಳಿದರೆ ವ್ಯವಸ್ಥೆ ಮಾಡುತ್ತಾರೆ. ಅದೇ ಇಮೇಲ್‌ನಲ್ಲಿ ಎಲ್ಲ ಕೇಳಿಬಿಟ್ಟೆ: ಎಂಟು ಜನ ಒಂದೇ ಟೇಬಲ್ಲಾ, ಕುಡಿಯದವರಿಗೂ ಪೂರ್ತಿ ಶುಲ್ಕವಾ, ಎಷ್ಟು ಗಂಟೆ ಮೊದಲು ರದ್ದು ಮಾಡಿದರೆ ದುಡ್ಡು ವಾಪಸ್, ಬಾಟಲಿ ಕೊಂಡರೆ ಟೇಸ್ಟಿಂಗ್ ಶುಲ್ಕ ಬಿಡುತ್ತಾರಾ. ನಾಪಾದಲ್ಲಿ ಒಬ್ಬರ ಟೇಸ್ಟಿಂಗ್ 50 ಡಾಲರ್ ದಾಟುವುದು ಮಾಮೂಲು, ಎಂಟರಿಂದ ಗುಣಿಸಿ ನೋಡಿ, ಕೇಳುವುದರಲ್ಲಿ ನಾಚಿಕೆ ಏನೂ ಇಲ್ಲ. ಇನ್ನೊಂದು ಪ್ರಶ್ನೆ ನಮ್ಮಂಥವರಿಗೆ ಮುಖ್ಯ. ವೈನ್ ತಿಳಿಯಾಗಿಸಲು ಕೆಲವರು ಮೊಟ್ಟೆಯ ಬಿಳಿ, ಮೀನಿನ ಒಳಗಿನ ಗಾಳಿಚೀಲದಿಂದ ತೆಗೆದ ಪದಾರ್ಥ, ಜೆಲಟಿನ್ ಬಳಸುತ್ತಾರೆ. ನಮ್ಮಲ್ಲಿ ಒಬ್ಬಳು ಮೊಟ್ಟೆಯನ್ನೂ ತಿನ್ನುವುದಿಲ್ಲ, ಆದರೆ ವೈನ್ ಇಷ್ಟ. ಮೊದಲೇ ಬರೆದಿದ್ದರಿಂದ ಅವಳಿಗೆ ಯಾವುದು ಆಗುತ್ತದೆ ಅಂತ ಸಣ್ಣ ವೈನರಿಯವರು ಗುರುತು ಮಾಡಿಟ್ಟಿದ್ದರು.

ಡ್ರೈವಿಂಗ್ ವಿಷಯದಲ್ಲಿ ಈ ಸಲ ಚರ್ಚೆಯೇ ಬೇಡ ಅಂದೆ. ಕುಡಿಯದವರು ಅಂದಮಾತ್ರಕ್ಕೆ ಅವರು ನಮ್ಮ ಡ್ರೈವರ್‌ಗಳಲ್ಲ. ಶುಕ್ರವಾರಕ್ಕೆ ಡ್ರೈವರ್ ಸಮೇತ ವ್ಯಾನ್ ಬಾಡಿಗೆಗೆ ಹಿಡಿದೆವು. ಗಂಟೆ ಲೆಕ್ಕ, ಕನಿಷ್ಠ ಇಷ್ಟು ಗಂಟೆ ಅಂತ ಇರುತ್ತದೆ, ಟಿಪ್ಸ್ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಇಂಥ ಗಾಡಿಗೆ ಟಿಸಿಪಿ ನಂಬರ್, ಅಂದರೆ ರಾಜ್ಯದ ಪರವಾನಗಿ ನಂಬರ್, ಇರಬೇಕು, ಬುಕ್ ಮಾಡುವಾಗಲೇ ಕೇಳಿ. ನಿಮ್ಮದೇ ಕಾರಿನಲ್ಲಿ ಹೋಗುವುದಾದರೆ, ತೆರೆದ ಬಾಟಲಿಗೆ ಕಾರ್ಕ್ ಮತ್ತೆ ಹಾಕಿದ್ದರೂ ಅದು ಡಿಕ್ಕಿಯಲ್ಲೇ ಇರಬೇಕು, ಸೀಟಿನ ಹತ್ತಿರ ಇಟ್ಟುಕೊಳ್ಳುವ ಹಾಗಿಲ್ಲ.

ದುಡ್ಡಿಗೆ ಎರಡು ಲೆಕ್ಕ ಇಟ್ಟೆ. ಮನೆ, ವ್ಯಾನ್, ದಿನಸಿ ಎಂಟು ಪಾಲು. ಟೇಸ್ಟಿಂಗ್ ಆರು ಪಾಲು. ಕೊಂಡ ಬಾಟಲಿ ಅವರವರದ್ದು. ಹೊರಡುವ ಎರಡು ವಾರ ಮೊದಲೇ ಎಲ್ಲರಿಂದ ಮುಂಗಡ ತೆಗೆದುಕೊಂಡೆ, ಬಂದಮೇಲೆ ಉಳಿದದ್ದನ್ನು ವಾಪಸ್ ಹಾಕಿದೆ. ವೈನರಿಯಲ್ಲಿ ಕೂತು ಯಾರೂ ಕ್ಯಾಲ್ಕುಲೇಟರ್ ತೆಗೆಯಲಿಲ್ಲ. ಅಲ್ಲಿ ಆಗಾಗ ಬಾಟಲಿ ಕಳಿಸುವ ಅವರ ವೈನ್ ಕ್ಲಬ್ ಸೇರಿ ಅಂತ ಚೆನ್ನಾಗಿ ಮಾತಾಡಿ ಒಪ್ಪಿಸುತ್ತಾರೆ. ಒಂದು ರಾತ್ರಿ ಮಲಗಿ ಎದ್ದಮೇಲೂ ಬೇಕು ಅನ್ನಿಸಿದರೆ ಸೇರಿ ಅಂತ ಮೊದಲೇ ಮಾತಾಡಿಕೊಂಡಿದ್ದೆವು. ಒಬ್ಬಳು ಮಾತ್ರ ಮಾರನೇ ದಿನ ಫೋನ್ ಮಾಡಿ ಸೇರಿದಳು.

ಕಾರ್ನೆರೋಸ್‌ನ ಬೆಳಿಗ್ಗೆ ನನಗೆ ಎಲ್ಲಕ್ಕಿಂತ ಇಷ್ಟವಾಯಿತು. ಮೊದಲು ತೋಟದೊಳಗೆ ಅರ್ಧ ಗಂಟೆ ನಡಿಗೆ ಬೇಕು ಅಂತ ಕೇಳಿಕೊಂಡಿದ್ದೆ. ನಾವು ಹೋದಾಗ ಬಳ್ಳಿ ಸವರುತ್ತಿದ್ದರು, ವಿಜಯಪುರದ ಕಡೆ ಇದಕ್ಕೆ ಚಾಟ್ನಿ ಅಂತಾರೆ. ನಮ್ಮವನು ನಿಂತುಬಿಟ್ಟ. "ನಾವು ವರ್ಷಕ್ಕ ಎರಡು ಸಲ ಚಾಟ್ನಿ ಮಾಡ್ತೀವಿ, ಇವರಿಗೆ ಒಂದ ಸಲ ಸಾಕೇನ್?" ತೋಟ ತೋರಿಸುತ್ತಿದ್ದವರಿಗೆ ಕೇಳಿದ. ಇಲ್ಲಿ ಚಳಿಗಾಲದಲ್ಲಿ ಬಳ್ಳಿ ಮಲಗಿಬಿಡುತ್ತದೆ, ಹಾಗಾಗಿ ಒಂದೇ ಸಲ ಅಂದರು. ನಮ್ಮ ಕಡೆ ಅಂಥ ಚಳಿ ಇಲ್ಲ, ಬಳ್ಳಿ ಮಲಗುವುದೇ ಇಲ್ಲ, ಏಪ್ರಿಲ್‌ನಲ್ಲಿ ಕಡ್ಡಿ ಬೆಳೆಯಲಿ ಅಂತ ಒಮ್ಮೆ, ಅಕ್ಟೋಬರ್‌ನಲ್ಲಿ ಹಣ್ಣಿಗಾಗಿ ಇನ್ನೊಮ್ಮೆ ಕತ್ತರಿಸುತ್ತೇವೆ ಅಂತ ಇವನು ಹೇಳಿದ. ಆಮೇಲೆ ಅವರಿಬ್ಬರದೇ ಮಾತು. ಅರ್ಧ ಗಂಟೆಯ ನಡಿಗೆ ಒಂದು ಗಂಟೆ ಆಯಿತು. ನಾವು ಉಳಿದವರು ಸಾಸಿವೆ ಹೂವಿನ ನಡುವೆ ನಿಂತು ಕೇಳುತ್ತಿದ್ದೆವು, ಮೈಗ್ರೇನ್ ಇರುವವಳು ಅವಳ ಕ್ಯಾಮೆರಾದಲ್ಲಿ ಇಬ್ಬರ ಕೈಗಳನ್ನು ಮಾತ್ರ ತೆಗೆಯುತ್ತಿದ್ದಳು. ಫೋಟೋಗಳನ್ನು ಅವನು ಅಪ್ಪನಿಗೆ ಕಳಿಸಿದ. ವಾಪಸ್ ಬಂದಿದ್ದು ಒಂದೇ ಪ್ರಶ್ನೆ, ಕಡ್ಡಿಗೆ ಎಷ್ಟು ಕಣ್ಣು ಬಿಡ್ತಾರ? ಕಣ್ಣು ಅಂದರೆ ಚಿಗುರು ಒಡೆಯುವ ಮೊಗ್ಗು. ಎರಡು, ಅಂತ ಇವನು ಉತ್ತರ ಬರೆದ.

ಶನಿವಾರ ಎಲ್ಲೂ ಬುಕಿಂಗ್ ಇಡಲಿಲ್ಲ. ತಡವಾಗಿ ಎದ್ದು ಸೊನೋಮಾ ಪ್ಲಾಜಾಗೆ ಹೋದೆವು. ಊರ ನಡುವೆ ದೊಡ್ಡ ಚೌಕ, ಸುತ್ತ ಟೇಸ್ಟಿಂಗ್ ರೂಮ್‌ಗಳು, ಪುಸ್ತಕದಂಗಡಿ, ಮೂಲೆಯಲ್ಲಿ 1823ರಲ್ಲಿ ಶುರುವಾದ ಹಳೆಯ ಮಿಷನ್ (ಕ್ಯಾಥೊಲಿಕ್ ಪಾದ್ರಿಗಳ ಧರ್ಮಪ್ರಚಾರ ಕೇಂದ್ರ), ಕ್ಯಾಲಿಫೋರ್ನಿಯಾದ 21 ಮಿಷನ್‌ಗಳಲ್ಲಿ ಕೊನೆಯದು. ಎಲ್ಲವೂ ನಡೆದೇ ನೋಡಬಹುದು. ಯಾರಿಗೆ ಏನು ಇಷ್ಟವೋ ಅದಕ್ಕೆ ಹೋದರು, ಮಧ್ಯಾಹ್ನ ಮರದಡಿ ಸೇರಿದೆವು.

ಕೊಂಡ ಬಾಟಲಿಗಳಿಗೆ ಐಸ್ ಬಾಕ್ಸ್ ತಂದಿದ್ದೆ. ಫೆಬ್ರವರಿಯಲ್ಲಿ ಅಷ್ಟೇನೂ ಬೇಕಾಗಲಿಲ್ಲ, ಬೇಸಿಗೆಯಲ್ಲಿ ಮಾತ್ರ ಮರೆಯಬೇಡಿ, ನಿಲ್ಲಿಸಿದ ಕಾರಿನ ಬಿಸಿಗೆ ವೈನ್ ಕೆಟ್ಟುಹೋಗುತ್ತದೆ.

ಮುಂದಿನ ವರ್ಷ ವಿಜಯಪುರದವನ ಅಪ್ಪ ಅಮ್ಮ ಇಲ್ಲಿಗೆ ಬರುತ್ತಾರಂತೆ. ಅವರು ಇರುವ ತಿಂಗಳು ನೋಡಿಕೊಂಡು ತಾರೀಖು ಹುಡುಕುತ್ತಿದ್ದೇವೆ. ಹತ್ತು ಜನ ಆಗುತ್ತೇವೆ, ದೊಡ್ಡ ವ್ಯಾನ್ ಬೇಕು. ದಿನಕ್ಕೆ ಒಂದೇ ವೈನರಿ ಅಂತ ಈಗಲೇ ತೀರ್ಮಾನ ಆಗಿದೆ. ಕಾರ್ನೆರೋಸ್‌ನವರಿಗೆ ಇಮೇಲ್ ಬರೆದು, ತೋಟದಲ್ಲಿ ಎರಡು ಗಂಟೆ ಬೇಕು ಅಂತ ಕೇಳಿದ್ದೇನೆ.