ಇವತ್ತು ಯಾರ ಹೆಸರಿನ ದತ್ತಿ?

ನಾನು ಮೊದಲ ಸಲ ಉಪನ್ಯಾಸ ಕೇಳಲು ಕೂತಾಗ ನನ್ನ ಕೈಯಲ್ಲಿ ನಲ್ಲಿ, ಪೈಪಿನ ಬಿಲ್ ಇತ್ತು. ಧಾರವಾಡದ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಅವತ್ತು ಮನೆಗೆ ಹೋಗುವಾಗ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಬಿಲ್ ಕೊಟ್ಟು ಹೋಗು ಅಂತ ಮಾಲಕರು ಹೇಳಿದ್ದರು. ಹೋದರೆ ಅಲ್ಲಿ ಕಾರ್ಯಕ್ರಮ. ಬಿಲ್ ತಗೊಳ್ಳಬೇಕಾದವರು ಕುರ್ಚಿ ಸರಿಮಾಡುತ್ತಿದ್ದರು. "ಅರ್ಧಾ ತಾಸು ಕೂಡವಾ, ಇದನ್ನ ಮುಗಿಸಿ ಬರ್ತೇನಿ" ಅಂದರು. ಹಿಂದಿನ ಸಾಲಿನಲ್ಲಿ ಕೂತೆ. ಅರ್ಧ ತಾಸು ಹೋಗಿ ಒಂದೂವರೆ ತಾಸಾಯಿತು. ನಾನು ಏಳಲಿಲ್ಲ.

ಅದು ಆರು ವರ್ಷದ ಹಿಂದಿನ ಮಾತು. ಆಮೇಲೆ ಹೆಚ್ಚುಕಡಿಮೆ ವಾರಕ್ಕೆ ಒಂದಾದರೂ ಉಪನ್ಯಾಸ ಕೇಳುತ್ತಾ ಬಂದಿದ್ದೇನೆ. ಎಲ್ಲೂ ಒಂದು ರೂಪಾಯಿ ಕೊಟ್ಟಿಲ್ಲ. ನಾನು ಓದಿದ್ದು ಪಿಯುಸಿವರೆಗೆ. ಡಿಗ್ರಿ ಮಾಡಬೇಕು ಅಂತ ತುಂಬಾ ಆಸೆ ಇತ್ತು, ಆಗಲಿಲ್ಲ. ಆ ಹಸಿವು ಹಾಗೇ ಉಳಿದಿತ್ತು. ನನ್ನ ಹಾಗೆ ಹಸಿವು ಇಟ್ಟುಕೊಂಡು ಕೂತವರು ಬೇಕಾದಷ್ಟು ಜನ ಇದ್ದಾರೆ, ಅದಕ್ಕೇ ನಾನು ಹೇಗೆ ಶುರುಮಾಡಿದೆ ಅನ್ನೋದನ್ನು ಬರೆಯುತ್ತಿದ್ದೇನೆ.

ಮೊದಲು ದತ್ತಿ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ಅವತ್ತು ಪಕ್ಕದಲ್ಲಿ ಕೂತಿದ್ದ ನಿವೃತ್ತ ಮಾಸ್ತರರನ್ನು ಮೆಲ್ಲಗೆ ಕೇಳಿದ್ದೆ, "ಇದಕ್ಕ ರೊಕ್ಕಾ ಕೊಡಬೇಕೇನ್ರಿ ಸರ್?" ಅಂತ. ಅವರು ವೇದಿಕೆ ಮೇಲಿದ್ದ ಒಂದು ಫೋಟೋ ತೋರಿಸಿದರು. ಹಾರ ಹಾಕಿದ ಒಬ್ಬ ಅಜ್ಜನ ಫೋಟೋ. "ಅವರು ಕೊಟ್ಟಾರವಾ" ಅಂದರು. ಯಾರೋ ತೀರಿಕೊಂಡಿರುತ್ತಾರೆ. ಅವರ ಮಕ್ಕಳೋ ಶಿಷ್ಯರೋ ಸೇರಿ ಒಂದಿಷ್ಟು ಹಣ ಸಂಘದಲ್ಲಿ ಇಡುತ್ತಾರೆ. ಅಸಲು ಮುಟ್ಟುವ ಹಾಗಿಲ್ಲ. ಬಡ್ಡಿಯಲ್ಲಿ ವರ್ಷಕ್ಕೊಂದು ಸಲ ಅವರ ಹೆಸರಿನಲ್ಲಿ ಉಪನ್ಯಾಸ. ಮಾತಾಡುವವರ ಗೌರವಧನ, ಹಾರ, ಚಹಾ ಎಲ್ಲ ಅದರಲ್ಲೇ. ಬಂದು ಕೇಳುವವರು ಯಾರು ಅಂತ ಆ ಹಣ ಇಟ್ಟವರಿಗೆ ಗೊತ್ತಿಲ್ಲ. ಲೆಕ್ಕ ಬರೆಯುವವಳು ನಾನು, ಹೀಗೊಂದು ಖಾತೆ ಇರುತ್ತದೆ ಅಂತ ಅವತ್ತಿನವರೆಗೆ ನನಗೆ ಗೊತ್ತಿರಲಿಲ್ಲ.

ಸಂಘ ಹುಟ್ಟಿದ್ದು 1890ರಲ್ಲಿ. ಆಗ ಧಾರವಾಡ ಮುಂಬೈ ಪ್ರಾಂತ್ಯದಲ್ಲಿತ್ತು, ಶಾಲೆ ಕಚೇರಿಗಳಲ್ಲಿ ಮರಾಠಿಯದೇ ಜೋರು. ಕನ್ನಡದಲ್ಲಿ ಪುಸ್ತಕ ಬರಲಿ, ಜನ ಕನ್ನಡದಲ್ಲಿ ವಿಚಾರ ಮಾಡಲಿ ಅಂತ ರಾ.ಹ. ದೇಶಪಾಂಡೆಯವರು ಇದನ್ನು ಕಟ್ಟಿದರು. ಕರ್ನಾಟಕ ಕಾಲೇಜು ಬಂದದ್ದು 1917ರಲ್ಲಿ. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬೈಯಲ್ಲಿ ಶುರುವಾಗಿ, ಮರುವರ್ಷ ಇಲ್ಲಿಗೆ ಬಂತು. ಅಂದರೆ ಯೂನಿವರ್ಸಿಟಿಗಿಂತ ಮೊದಲೇ ಈ ಊರಲ್ಲಿ ಕೂತು ಕೇಳುವ ಜನ ಇದ್ದರು. ಹಳಬರು ಈಗಲೂ ಉಪನ್ಯಾಸಕ್ಕೆ 'ವ್ಯಾಖ್ಯಾನ' ಅಂತಾರೆ.

ಎಲ್ಲಿ, ಯಾವಾಗ ಅಂತ ಗೊತ್ತಾಗೋದು ಹೇಗೆ? ದಿನಪತ್ರಿಕೆಯ ಜಿಲ್ಲಾ ಪುಟದಲ್ಲಿ 'ಇಂದಿನ ಕಾರ್ಯಕ್ರಮ' ಅಂತ ಒಂದು ಸಣ್ಣ ಚೌಕ ಇರುತ್ತದೆ. ನಾನು ಅಂಗಡಿಯಲ್ಲಿ ಬೆಳಿಗ್ಗೆ ಮೊದಲು ಓದುವುದು ಅದನ್ನೇ. ಎರಡನೆಯದು ಹಾಜರಿ ವಹಿ. ಬಾಗಿಲ ಹತ್ತಿರ ಒಂದು ಪುಸ್ತಕ ಇಟ್ಟಿರುತ್ತಾರೆ, ಹೆಸರು, ಫೋನ್ ನಂಬರ್ ಬರೆದರೆ ಮುಂದಿನ ಸಲ ಕರೆಯೋಲೆ ಮೊಬೈಲಿಗೇ ಬರುತ್ತದೆ. ಮೊದಲ ಎರಡು ತಿಂಗಳು ನಾನು ಸಂಕೋಚಪಟ್ಟು ಬರೆಯಲಿಲ್ಲ. ಎಷ್ಟೊಂದು ತಪ್ಪಿಸಿಕೊಂಡೆ ಅಂತ ಈಗಲೂ ಬೇಜಾರಾಗುತ್ತದೆ. ಮೂರನೆಯದು ಜನ. ನಾಲ್ಕು ಸಲ ಹೋದರೆ ಅದೇ ಮುಖಗಳು ಸಿಗುತ್ತವೆ. ಅವರೇ ಹೇಳುತ್ತಾರೆ, "ಗುರುವಾರ ಆಲೂರು ಭವನದಾಗ ಐತಿ, ಛಲೋ ಮಾತಾಡ್ತಾರ, ತಪ್ಪಿಸಬ್ಯಾಡ್ರಿ" ಅಂತ.

ಯೂನಿವರ್ಸಿಟಿ ಕಡೆ ಸ್ವಲ್ಪ ಬೇರೆ. ಅಲ್ಲಿ ಜಾಸ್ತಿ ಕಾರ್ಯಕ್ರಮ ಬೆಳಿಗ್ಗೆ ಹನ್ನೊಂದಕ್ಕೆ. ಕೆಲಸ ಇರುವವರಿಗೆ ಕಷ್ಟ. ನನ್ನ ವಾರದ ರಜೆ ಸೋಮವಾರ, ಅವತ್ತು ಏನಾದರೂ ಇದ್ದರೆ ಸಿಬಿಟಿಯಿಂದ, ಅಂದರೆ ಊರೊಳಗಿನ ಬಸ್ ನಿಲ್ದಾಣದಿಂದ, ಸಿಟಿ ಬಸ್ ಹತ್ತಿ ಯೂನಿವರ್ಸಿಟಿ ಇರುವ ಪಾವಟೆ ನಗರಕ್ಕೆ ಹೋಗುತ್ತೇನೆ. ಕರೆಯೋಲೆಯಲ್ಲಿ 'ಸಾರ್ವಜನಿಕ ಉಪನ್ಯಾಸ' ಅಂತಲೋ 'ಸರ್ವರಿಗೂ ಸ್ವಾಗತ' ಅಂತಲೋ ಇದ್ದರೆ ಸೀದಾ ಒಳಗೆ ಹೋಗಬಹುದು. 'ವಿಶೇಷ ಉಪನ್ಯಾಸ' ಅಂತ ಮಾತ್ರ ಇದ್ದರೆ ಅದು ವಿದ್ಯಾರ್ಥಿಗಳಿಗೆ ಇರಬಹುದು, ಫೋನ್ ಮಾಡಿ ಕೇಳುವುದು ಒಳ್ಳೇದು.

ಇದನ್ನು ಕಲಿಯಲು ಒಂದು ಕೆಟ್ಟ ದಿನ ಬೇಕಾಯಿತು. ಊರಿನ ಒಂದು ಸಂಸ್ಥೆಯ ಗೇಟಿನಲ್ಲಿ ವಾಚ್‌ಮನ್ ತಡೆದರು. ಯಾವ ಡಿಪಾರ್ಟ್‌ಮೆಂಟ್, ಐಡಿ ಕಾರ್ಡ್ ಎಲ್ಲಿ ಅಂತ ಕೇಳಿದರು. ಒಳಗಿನಿಂದ ಬಂದ ಒಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇದು ನಿಮಗ ತಿಳಿಯೂದಿಲ್ರಿ" ಅಂದರು. ಮಾತಾಡದೆ ಬಂದುಬಿಟ್ಟೆ. ಬಸ್ಸಿನಲ್ಲಿ ಕಣ್ಣು ತುಂಬಿತ್ತು. ಹದಿನೈದು ದಿನ ಎಲ್ಲೂ ಹೋಗಲಿಲ್ಲ. ಆ ವಿಷಯ ನನಗೆ ತಿಳಿಯುತ್ತಿತ್ತೋ ಇಲ್ಲವೋ ಬೇರೆ ಮಾತು. ಕೇಳಲು ಬಂದವರಿಗೆ ಹಾಗೆ ಹೇಳಬಾರದು. ಈಗ ಯಾರಾದರೂ ಹೊಸಬರು ಬಾಗಿಲಲ್ಲಿ ನಿಂತಿದ್ದು ಕಂಡರೆ ನಾನೇ ಎದ್ದು ಹೋಗಿ ಒಳಗೆ ಕರೆಯುತ್ತೇನೆ.

ಇನ್ನು ಕೇಳುವುದು. ಕರೆಯೋಲೆಯಲ್ಲಿ ಆರು ಗಂಟೆ ಅಂತ ಇರುತ್ತದೆ. ಪ್ರಾರ್ಥನೆ, ಸ್ವಾಗತ, ಪರಿಚಯ, ಫೋಟೋಕ್ಕೆ ಪುಷ್ಪಾರ್ಪಣೆ ಎಲ್ಲ ಮುಗಿದು ನಿಜವಾದ ಮಾತು ಶುರುವಾಗುವಾಗ ಆರೂ ಮುಕ್ಕಾಲು. ಆ ಹೊತ್ತನ್ನು ನಾನು ಸುಮ್ನೆ ಕಳೆಯೋದಿಲ್ಲ. ನೂರು ಪುಟದ ನೋಟ್‌ಬುಕ್ ತೆಗೆದು, ಇವತ್ತಿನ ವಿಷಯದ ಬಗ್ಗೆ ನನಗೆ ಈಗಾಗಲೇ ಏನು ಗೊತ್ತು ಅಂತ ಎರಡು ಮೂರು ಸಾಲು ಬರೆಯುತ್ತೇನೆ. ಕೆಲವು ಸಲ ಏನೂ ಇರೋದಿಲ್ಲ, ಆ ಜಾಗ ಖಾಲಿ ಬಿಡುತ್ತೇನೆ. ಉಪನ್ಯಾಸ ನಡೆಯುವಾಗ ಎಡ ಪುಟದಲ್ಲಿ ಅವರು ಹೇಳಿದ್ದು, ಬಲ ಪುಟದಲ್ಲಿ ನನಗೆ ಬಂದ ಸಂಶಯ. ಎಲ್ಲವನ್ನೂ ಬರೆದುಕೊಳ್ಳಲು ಹೋಗಬಾರದು, ಬರೆಯುತ್ತಾ ಕೂತರೆ ಕಿವಿ ಹಿಂದೆ ಬೀಳುತ್ತದೆ. ತಿಳಿಯದ ಶಬ್ದ ಮಾತ್ರ ತಪ್ಪದೆ ಬರೆದುಕೊಳ್ಳುತ್ತೇನೆ. ಕೂರುವುದು ಮೂರನೇ ಸಾಲಿನ ತುದಿಯಲ್ಲಿ. ಅಲ್ಲಿಂದ ಮಾತಾಡುವವರ ಮುಖ ಕಾಣುತ್ತದೆ, ಫ್ಯಾನಿನ ಸದ್ದು ಕಡಿಮೆ.

ಒಂದು ಸಂಜೆಯ ಬಗ್ಗೆ ಹೇಳಲೇಬೇಕು. ವಿಷಯ ವೀರಗಲ್ಲುಗಳು. ಖಾಲಿ ಬಿಟ್ಟ ಜಾಗದಲ್ಲಿ ನಾನು ಒಂದಕ್ಷರವೂ ಬರೆದಿರಲಿಲ್ಲ. ಮಾತಾಡಿದವರು ಪರದೆ ಮೇಲೆ ಒಂದು ಕಲ್ಲಿನ ಚಿತ್ರ ಹಾಕಿ, ಕೆಳಗಿನಿಂದ ಓದಿರಿ ಅಂದರು. ಕೆಳಗಿನ ಪಟ್ಟಿಕೆಯಲ್ಲಿ ಯುದ್ಧ. ಅದರ ಮೇಲೆ, ಸತ್ತ ವೀರನನ್ನು ಅಪ್ಸರೆಯರು ಕರೆದುಕೊಂಡು ಹೋಗುತ್ತಿದ್ದಾರೆ. ಎಲ್ಲಕ್ಕಿಂತ ಮೇಲೆ ಅವನು ಶಿವಲಿಂಗದ ಮುಂದೆ ಕೂತಿದ್ದಾನೆ. ತುದಿಯಲ್ಲಿ ಸೂರ್ಯ, ಚಂದ್ರ. ಅವು ಇರುವವರೆಗೆ ಇವನ ಹೆಸರು ಇರಲಿ ಅಂತ. ಅದೆಷ್ಟೋ ಕಲ್ಲುಗಳು ದನಗಳಿಗಾಗಿ ಸತ್ತವರದು. ಶತ್ರುಗಳು ಊರಿನ ದನ ಹೊಡೆದುಕೊಂಡು ಹೋದಾಗ ಬಿಡಿಸಿಕೊಂಡು ಬರಲು ಹೋಗಿ ಸತ್ತವರು. ತುರು ಅಂದರೆ ದನ, ತುರುಗೊಳ್ ಅಂದರೆ ದನ ಹಿಡಿಯುವ ಕಾಳಗ.

ನನಗೆ ಎದೆ ಢವ್ ಅಂದಿತು. ರೋಣ ತಾಲ್ಲೂಕಿನ ನನ್ನ ತವರಿನಲ್ಲಿ, ಹಣಮಪ್ಪನ ಗುಡಿಯ ಹಿಂದೆ ಅಂಥದ್ದೇ ಒಂದು ಕಲ್ಲಿದೆ. ನಾವು ಕಲ್ಲಪ್ಪ ಅಂತೀವಿ. ಅವ್ವ ಅಮಾವಾಸ್ಯೆಗೆ ಎಣ್ಣೆ ಹಚ್ಚುತ್ತಾಳೆ. ಚಿಕ್ಕವಳಿದ್ದಾಗ ನಾನು ಅದಕ್ಕೆ ಒರಗಿ ಕೂತು ಕವಡೆ ಆಡಿದ್ದೇನೆ. ಮುಂದಿನ ತಿಂಗಳು ಊರಿಗೆ ಹೋದವಳೇ ಚೀಲ ಕೂಡ ಇಳಿಸದೆ ಗುಡಿ ಹಿಂದೆ ಹೋದೆ. ಎಣ್ಣೆ ಕುಡಿದು ಕಲ್ಲು ಕಪ್ಪಾಗಿತ್ತು. ಸೆರಗಿನಿಂದ ಒರೆಸಿದೆ. ಮೇಲೆ ಸೂರ್ಯ ಚಂದ್ರ ಇದ್ದವು. ಅಪ್ಸರೆಯರ ಮುಖ ಸವೆದಿತ್ತು, ಕೈ ಮಾತ್ರ ತಿಳಿಯುತ್ತಿತ್ತು. ಕೆಳಗಿನ ಪಟ್ಟಿಕೆ ಅರ್ಧ ಮಣ್ಣಿನಲ್ಲಿ ಹೂತಿತ್ತು. ಬೆರಳಿನಿಂದ ನಾಲ್ಕು ಅಂಗುಲ ಮಣ್ಣು ಸರಿಸಿದೆ. ಬಿಲ್ಲು ಹಿಡಿದವನ ಮೊಣಕಾಲು ಬಂತು. ಅವನ ಹಿಂದೆ ಸಣ್ಣ ಸಣ್ಣ ಕಾಲುಗಳು. ಗೊರಸು. ದನಗಳು.

ಅವ್ವನನ್ನು ಕರೆದು ತೋರಿಸಿದೆ. ಅವಳು ಬಹಳ ಹೊತ್ತು ನೋಡಿ, "ದನಾ ಕಾಯಾಕ ಹೋಗಿ ಸತ್ತಾನಲ್ಲಾ, ಯಾರ ಮಗಾನೋ ಏನೋ" ಅಂದಳು. ಮಣ್ಣು ಮೊದಲಿದ್ದ ಹಾಗೇ ಮುಚ್ಚಿ ಬಂದೆವು. ನಾನು ಉಪನ್ಯಾಸಕ್ಕೆ ಯಾಕೆ ಹೋಗುತ್ತೇನೆ ಅಂತ ಯಾರಾದರೂ ಕೇಳಿದರೆ ನನಗೆ ನೆನಪಾಗೋದು ಆ ಗೊರಸುಗಳೇ. ಆಮೇಲೆ ಒಂದು ಸೋಮವಾರ ಯೂನಿವರ್ಸಿಟಿಯ ಕನ್ನಡ ಸಂಶೋಧನ ಸಂಸ್ಥೆಯ ವಸ್ತುಸಂಗ್ರಹಾಲಯಕ್ಕೆ ಹೋಗಿ ಅಲ್ಲಿನ ಕಲ್ಲುಗಳನ್ನು ನೋಡಿ ಬಂದೆ. ಈಗ ಕೆಳಗಿನಿಂದ ಓದಲು ಬರುತ್ತದೆ.

ಸಾಹಿತ್ಯ, ಇತಿಹಾಸ ಅಷ್ಟೇ ಅಲ್ಲ. ಕೃಷಿ ವಿಶ್ವವಿದ್ಯಾಲಯದಲ್ಲಿ ಮಣ್ಣಿನ ಬಗ್ಗೆ ಒಮ್ಮೆ ಕೇಳಿದೆ. ಎರೆಭೂಮಿಯ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ, ಅದಕ್ಕೇ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ ಅಂದರು. ಅಪ್ಪ ಪ್ರತಿ ವರ್ಷ "ಭೂಮಿ ಬಾಯಿ ಬಿಟ್ಟೈತಿ" ಅನ್ನುತ್ತಿದ್ದ. ಬಾಯಿ ಯಾಕೆ ಬಿಡುತ್ತದೆ ಅಂತ ಅವನಿಗೆ ಫೋನ್ ಮಾಡಿ ಹೇಳಿದೆ.

ಮನೆಯ ಸಂಗತಿ ಹೇಳದಿದ್ದರೆ ಇದು ಪೂರ್ತಿ ಆಗೋದಿಲ್ಲ. ಸಂಜೆ ಆರರಿಂದ ಎಂಟು ಅಂದರೆ ರೊಟ್ಟಿ ಬಡಿಯುವ ಹೊತ್ತು. ಹೆಂಗಸರು ಸಭೆಗಳಲ್ಲಿ ಕಡಿಮೆ ಕಾಣೋದು ಆಸಕ್ತಿ ಇಲ್ಲ ಅಂತಲ್ಲ, ಈ ಹೊತ್ತಿನ ಕಾರಣಕ್ಕೆ. ನಾನು ಉಪನ್ಯಾಸ ಇರುವ ದಿನದ ರೊಟ್ಟಿಯನ್ನು ಬೆಳಿಗ್ಗೆಯೇ ಮಾಡಿಡುತ್ತೇನೆ. ಮೊದಮೊದಲು ಅತ್ತೆಗೆ ಇದು ಸರಿಬರಲಿಲ್ಲ. ಜಗಳ ಮಾಡಲಿಲ್ಲ, ಮಾತು ಕಡಿಮೆ ಮಾಡಿದರು. ನಾನು ಒಂದು ರೂಢಿ ಹಾಕಿಕೊಂಡೆ. ಊಟಕ್ಕೆ ಬಡಿಸುತ್ತಾ ಅವತ್ತು ಕೇಳಿದ್ದನ್ನು ಅವರಿಗೆ ಹೇಳುವುದು. ಅವರಿಗೆ ತಿಳಿಯುವ ಹಾಗೆ ಹೇಳಬೇಕೆಂದರೆ ಮೊದಲು ನನಗೆ ತಿಳಿದಿರಬೇಕಲ್ವಾ? ನೋಟ್‌ಬುಕ್ಕಿಗಿಂತ ಇದೇ ನನಗೆ ಜಾಸ್ತಿ ಕಲಿಸಿತು. ನಾಲ್ಕು ತಿಂಗಳ ಮೇಲೆ ಅತ್ತೆಯೇ, "ಏನ್ ಹೇಳಿದ್ರ ಇವತ್ತ?" ಅಂತ ಕೇಳತೊಡಗಿದರು.

ಬೀಸುವ ಪದಗಳ ಬಗ್ಗೆ ಉಪನ್ಯಾಸ ಇದ್ದಾಗ ಅವರನ್ನೂ ಕರೆದುಕೊಂಡು ಹೋದೆ. ಮಾತಾಡಿದವರು ಒಂದು ಪದ ಹೇಳಿದರು. ಅತ್ತೆ ಕೂತಲ್ಲಿಂದಲೇ, "ಅದು ಹಂಗಲ್ರಿ, ನಮ್ಮೂರಾಗ ಬ್ಯಾರೆ ಹೇಳ್ತಾರ" ಅಂದುಬಿಟ್ಟರು. ನನ್ನ ಉಸಿರು ನಿಂತಿತು. ಆ ಮಹನೀಯರು ವೇದಿಕೆಯಿಂದ ಇಳಿದು ಬಂದು, ಪೆನ್ನು ತೆಗೆದು, "ಇನ್ನೊಮ್ಮೆ ಹೇಳ್ರಿ ಅಮ್ಮಾರ, ಬರ್ಕೋತೇನಿ" ಅಂದರು. ಅತ್ತೆ ಹಾಡಿಯೇ ತೋರಿಸಿದರು. ಕೈ ಬೀಸುಕಲ್ಲಿನ ಗೂಟ ಹಿಡಿದ ಹಾಗೆ ತಿರುಗುತ್ತಿತ್ತು.

ಎಲ್ಲ ಉಪನ್ಯಾಸವೂ ಚೆನ್ನಾಗಿರೋದಿಲ್ಲ. ಕೆಲವರು ವಿಷಯ ಬಿಟ್ಟು ಬೇರೆಲ್ಲ ಮಾತಾಡುತ್ತಾರೆ, ಕೆಲವರು ತಲೆ ಎತ್ತದೆ ಓದುತ್ತಾರೆ. ಮೊದಲು ನಾನು ಅಂಥ ಕಡೆ ನಡುವೆ ಎದ್ದು ಬರುತ್ತಿದ್ದೆ. ಈಗ ಬರೋದಿಲ್ಲ, ದತ್ತಿ ಉಪನ್ಯಾಸದಲ್ಲಂತೂ ವಂದನಾರ್ಪಣೆ ಮುಗಿಯುವವರೆಗೆ ಕೂರುತ್ತೇನೆ. ಅದಕ್ಕೆ ಕಾರಣ ಇದೆ.

ಎರಡು ವರ್ಷದ ಹಿಂದೆ, ಜೋರು ಮಳೆಯ ದಿನ, ಸಭೆಯಲ್ಲಿ ಹನ್ನೊಂದೇ ಜನ ಇದ್ದೆವು. ಒಬ್ಬ ಶಾಲಾ ಮಾಸ್ತರರ ಹೆಸರಿನ ದತ್ತಿ. ಅವರ ಮಗಳು, ಅರವತ್ತು ದಾಟಿದವರು, ಬೇರೆ ಊರಿನಿಂದ ಬಸ್ಸಿನಲ್ಲಿ ಬಂದಿದ್ದರು. ಅಪ್ಪನ ಫೋಟೋವನ್ನು ಮಳೆಗೆ ನೆನೆಯದ ಹಾಗೆ ಟವೆಲ್ಲಿನಲ್ಲಿ ಸುತ್ತಿ ತಂದಿದ್ದರು. ಟೇಬಲ್ ಮೇಲೆ ಇಟ್ಟು, ಗಾಜು ಒರೆಸಿ, ಖಾಲಿ ಕುರ್ಚಿಗಳ ಕಡೆ ಒಮ್ಮೆ ನೋಡಿದರು. ಉಪನ್ಯಾಸ ಸಾಧಾರಣವಾಗಿತ್ತು. ಮುಗಿದ ಮೇಲೆ ಚಹಾ ಕುಡಿಯುವಾಗ ನನ್ನ ಹತ್ತಿರ ಬಂದು, "ನೀವು ಅಪ್ಪಾರ ವಿದ್ಯಾರ್ಥಿಗಳ ಪೈಕಿ ಏನ್ರಿ?" ಅಂದರು. ಅಲ್ಲ ಅಂದೆ. "ಮತ್ತ ಯಾರ ಪೈಕಿ?" ಅಂದರು. "ಯಾರ ಪೈಕಿನೂ ಅಲ್ರಿ, ಕೇಳಾಕ ಬಂದೇನಿ" ಅಂದೆ. ಅವರು ಏನೂ ಮಾತಾಡಲಿಲ್ಲ. ಚಹಾದ ಲೋಟ ಕೆಳಗಿಟ್ಟು ನನ್ನ ಎರಡೂ ಕೈ ಹಿಡಿದುಕೊಂಡರು.

ಆವತ್ತಿನಿಂದ ನಾನು ಹತ್ತು ನಿಮಿಷ ಮೊದಲೇ ಹೋಗುತ್ತೇನೆ. ದತ್ತಿ ಇಟ್ಟವರ ಮನೆಯವರು ಬಂದಿದ್ದರೆ, ಇವರು ಯಾರು, ಏನು ಮಾಡುತ್ತಿದ್ದರು ಅಂತ ಕೇಳುತ್ತೇನೆ. ನೋಟ್‌ಬುಕ್ಕಿನಲ್ಲಿ ವಿಷಯಕ್ಕಿಂತ ಮೊದಲು ಆ ಹೆಸರು ಬರೆಯುತ್ತೇನೆ. ಕಂಪೌಂಡರ್ ಆಗಿದ್ದವರು ಇದ್ದಾರೆ, ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸಿದವರು ಇದ್ದಾರೆ, ಒಬ್ಬ ತಾಯಿಯ ಹೆಸರಿನ ದತ್ತಿಯೂ ಇದೆ, ಅವರಿಗೆ ಓದಲು ಬರುತ್ತಿರಲಿಲ್ಲವಂತೆ.

ರಾತ್ರಿ ಮನೆಗೆ ಬಂದು ಚಪ್ಪಲಿ ಬಿಡುವಾಗಲೇ ಒಳಗಿನಿಂದ ಅತ್ತೆಯ ದನಿ ಬರುತ್ತದೆ. ಏನು ಹೇಳಿದರು ಅಂತ ಕೇಳುವುದು ಆಮೇಲೆ.

"ಇವತ್ತ ಯಾರ ಹೆಸರಿಂದಿತ್ತವಾ?"