ಜಿಮ್‌ಗೆ ಹೋಗದ ದಿನ ಎಲ್ಲಾ ರೆಸ್ಟ್ ಅಲ್ಲ: ವೇಟ್ ಎತ್ತೋ ಹೆಂಗಸರು ಬ್ರೇಕ್ ಪ್ಲಾನ್ ಮಾಡೋದು ಹೇಗೆ

ಹೋದ ಡಿಸೆಂಬರಲ್ಲಿ ತೀರ್ಥಹಳ್ಳಿ ಹತ್ರ ನಮ್ಮ ತವರುಮನೇಲಿ ಅಡಿಕೆ ಕೊಯ್ಲು ನಡೀತಿತ್ತು, ಸುಲಿಯೋಕೆ ಜನ ಸಿಗ್ತಿಲ್ಲ ಅಂತ ಅಮ್ಮ ಫೋನ್ ಮಾಡಿದ್ರು, ನಾನು ಐದು ದಿನ ಜಿಮ್ ಬಿಟ್ಟು ಹೋದೆ. ಹೆಂಗೂ ರೆಸ್ಟ್ ಸಿಗತ್ತೆ, ವಾಪಸ್ ಬಂದು ಡೆಡ್‌ಲಿಫ್ಟ್ (ವೇಟ್ ಹಾಕಿದ ಕಬ್ಬಿಣದ ಸರಳು, ಅಂದ್ರೆ ಬಾರ್, ನೆಲದಿಂದ ಎತ್ತಿ ನೆಟ್ಟಗೆ ನಿಲ್ಲೋದು) ಒಂಚೂರು ಏರಿಸ್ಬೋದು ಅನ್ನೋದು ನನ್ನ ಲೆಕ್ಕ. ಅಲ್ಲಿ ದಿನಾ ಸಂಜೆ ಏಳರಿಂದ ರಾತ್ರಿ ಹನ್ನೊಂದರ ತನಕ ಅಡಿಕೆ ಸುಲಿಯೋ ಮೆಟ್ಟುಗತ್ತಿ ಮುಂದೆ ಬೆನ್ನು ಬಗ್ಗಿಸ್ಕೊಂಡು ಕೂತಿದ್ದು, ಒಂದೊಂದು ಕಾಯಿಗೂ ಬೆರಳು, ಮಣಿಕಟ್ಟು ತಿರುಗಿಸಿದ್ದು, ಬೆಳಿಗ್ಗೆ ಎದ್ರೆ ಹತ್ತಾರು ಜನಕ್ಕೆ ತಿಂಡಿ. ಶಿವಮೊಗ್ಗಕ್ಕೆ ಬಂದ ಮಾರನೇ ದಿನ 60 ಕೆಜಿ ಹಾಕಿದೆ, ಆರಾಮಾಗಿ ಐದು ಸಲ ಎತ್ತೋ ವೇಟು ಅದು, ಎರಡನೇ ಸಲಕ್ಕೇ ಬಾರ್ ಬೆರಳಿಂದ ಜಾರ್ತು, ಹಿಡಿಯೋಕೆ ಹೋಗಿ ಸೊಂಟದಲ್ಲಿ ಚಳಕ್ ಅಂತು. ಹತ್ತು ದಿನ ಬಗ್ಗಿ ಕಸ ಗುಡಿಸೋಕೂ ಆಗ್ಲಿಲ್ಲ.

ಮನೇಲಿ ಎಲ್ರೂ ಬೈದಿದ್ದು ವೇಟ್‌ನ. ಹೆಂಗಸ್ರಿಗೆ ಎಂತಕ್ಕೆ ಇದೆಲ್ಲ ಅಂತ. ಕರ್ಣಂ ಮಲ್ಲೇಶ್ವರಿ 2000ದಲ್ಲಿ ಸಿಡ್ನಿ ಒಲಿಂಪಿಕ್ಸಲ್ಲಿ ಒಟ್ಟು 240 ಕೆಜಿ ಎತ್ತಿ ಕಂಚು ತಂದಿದ್ದು ಒಂದು ಕಡೆ ಇರಲಿ, ನಮ್ಮಜ್ಜಿನೇ ಗುಡ್ಡದಿಂದ ಸೊಪ್ಪಿನ ಹೊರೆ ತಲೆ ಮೇಲೆ ಹೊತ್ಕೊಂಡು ಇಳೀತಿದ್ರು. ತಪ್ಪಾಗಿದ್ದು ಭಾರದಲ್ಲಲ್ಲ, ರೆಸ್ಟ್ ಅಂತ ನಾನು ಲೆಕ್ಕ ಹಾಕಿದ ಐದು ದಿನದಲ್ಲಿ. ಅದಕ್ಕೇ ಇದನ್ನ ಬರೀತಿದೀನಿ, ನಿಮಗೆ ಹಾಗಾಗೋದು ಬೇಡ.

ಮೊದಲು ಸಣ್ಣ ರೆಸ್ಟ್, ಅಂದ್ರೆ ಎರಡು ಸೆಟ್ ನಡುವಿಂದು (ನಿಲ್ಲಿಸದೆ ಒಟ್ಟಿಗೆ ಐದೋ ಹತ್ತೋ ಸಲ ಎತ್ತಿದ್ರೆ ಅದು ಒಂದು ಸೆಟ್, ಅದರಲ್ಲಿ ಒಂದೊಂದು ಸಲಕ್ಕೆ ರೆಪ್ ಅಂತಾರೆ). ಸ್ಕ್ವಾಟ್, ಡೆಡ್‌ಲಿಫ್ಟ್, ಬೆಂಚ್ ಪ್ರೆಸ್ (ಭಾರ ಹೊತ್ತು ಕೂತು ಏಳೋದು ಸ್ಕ್ವಾಟ್, ಮಲಗಿ ಎದೆ ಮೇಲಿಂದ ಎತ್ತೋದು ಬೆಂಚ್ ಪ್ರೆಸ್) ಇಂಥ ದೊಡ್ಡ ಲಿಫ್ಟಿಗೆ ಮೂರು ನಿಮಿಷ ಕೂತ್ಕೊಳ್ಳಿ, ತುಂಬಾ ಭಾರ ಇದ್ರೆ ಐದರ ತನಕ ಹೋದ್ರೂ ತೊಂದ್ರೆ ಇಲ್ಲ. ಜೋರಾಗಿ ಎತ್ತುವಾಗ ಸ್ನಾಯು ಖರ್ಚು ಮಾಡೋ ಇಂಧನ ಮತ್ತೆ ತುಂಬ್ಕೊಳ್ಳೋಕೆ ಎರಡು ಮೂರು ನಿಮಿಷ ಬೇಕೇ ಬೇಕು, ಅರ್ಧ ತುಂಬಿರುವಾಗ ಎದ್ದು ಹೋದ್ರೆ ಮುಂದಿನ ಸೆಟ್ಟಲ್ಲಿ ಎರಡು ರೆಪ್ ಕಮ್ಮಿ ಆಗತ್ತೆ ಅಷ್ಟೇ. ಡಂಬೆಲ್ ಕರ್ಲ್, ಲ್ಯಾಟರಲ್ ರೈಸ್ ಥರ ತೋಳು, ಭುಜಕ್ಕಷ್ಟೇ ಮಾಡೋ ಸಣ್ಣದ್ದಕ್ಕೆ ಒಂದು, ಒಂದೂವರೆ ನಿಮಿಷ ಸಾಕು, ಹಗುರ ವೇಟಲ್ಲಿ ನಮಗೆ ಸುಸ್ತು ಹತ್ತೋದು ಸಾಮಾನ್ಯವಾಗಿ ಗಂಡಸ್ರಿಗಿಂತ ನಿಧಾನ. ನಾನು ಮೊದಲು ಹೋಗ್ತಿದ್ದ ಜಿಮ್ಮಲ್ಲಿ ಟ್ರೇನರ್ ಒಬ್ರು ಲೇಡೀಸ್ ಯಾರಾದ್ರೂ ಬೆಂಚ್ ಮೇಲೆ ಕೂತಿದ್ದು ಕಂಡ್ರೆ ಸಾಕು, ಕೂರ್ಬೇಡಿ ಮೇಡಂ, ಬೇಗ ಬೇಗ ಮಾಡಿ, ಬೆವರು ಬರ್ಲಿ ಅಂತಿದ್ರು. ಅದೇ ಟ್ರೇನರ್ ಪಕ್ಕದ ರ‍್ಯಾಕಲ್ಲಿದ್ದ ಹುಡುಗ್ರಿಗೆ ಯಾವತ್ತೂ ಹಾಗೆ ಹೇಳಿದ್ದು ನಾನು ಕೇಳಿಲ್ಲ. ನೀವು ಶಕ್ತಿ ಬೆಳೆಸೋಕೆ ಹೋಗಿರೋದು, ಬೆವರು ಬೇಕಿದ್ರೆ ನೆಹರೂ ಸ್ಟೇಡಿಯಂ ಸುತ್ತು ಹಾಕಿದ್ರೂ ಬರತ್ತೆ. ಮೊಬೈಲಲ್ಲಿ ಟೈಮರ್ ಇಟ್ಕೊಂಡು ಕೂತ್ಕೊಳ್ಳಿ.

ಇನ್ನು ವಾರದ ರೆಸ್ಟ್. ಒಂದೇ ಸ್ನಾಯುಗೆ ಜೋರು ಕೆಲಸ ಕೊಟ್ಟ ಮೇಲೆ ಸುಮಾರು 48 ಗಂಟೆ ಬಿಡಿ. ಹೊಸಬರಿಗೆ ಸೋಮವಾರ, ಬುಧವಾರ, ಶುಕ್ರವಾರ ಇಡೀ ಮೈಗೆ ಮಾಡೋದು ಸುಲಭ, ನಡುವೆ ವಾಕಿಂಗ್ ಮಾಡಿ ಸಾಕು. ರೆಸ್ಟ್ ದಿನ ಅಂತ ಊಟ ಕಡಿಮೆ ಮಾಡ್ಬೇಡಿ, ಮೈ ರಿಪೇರಿ ಆಗೋದು ಅವತ್ತೇ. ಒಂದು ಕೆಜಿ ಮೈತೂಕಕ್ಕೆ 1.6 ಗ್ರಾಂ ಪ್ರೋಟೀನ್ ಅಂದ್ರೆ 55 ಕೆಜಿ ಇರೋರಿಗೆ ದಿನಕ್ಕೆ 88 ಗ್ರಾಂ ಆಗತ್ತೆ. ಒಂದು ಮೊಟ್ಟೆಲಿ ಇರೋದು ಆರು ಗ್ರಾಂ, ಹಾಗಾಗಿ ಬರೀ ಕಡುಬು ಚಟ್ನಿಲಿ ಅದು ತುಂಬಲ್ಲ, ಕಾಳು, ಮೊಸರು, ಮೀನು, ಕೋಳಿ ಏನು ತಿಂತೀರೋ ಅದನ್ನ ಮೂರು ಹೊತ್ತಿಗೂ ಹಂಚ್ಕೊಳ್ಳಿ.

ಹೆಚ್ಚಿನವರು ಬಿಟ್ಟುಬಿಡೋದು ಡಿಲೋಡ್ ವಾರ. ನಾಲ್ಕೈದು ವಾರ ಏರಿಸ್ತಾ ಹೋಗಿ, ಆಮೇಲೆ ಒಂದು ವಾರ ಬೇಕಂತಲೇ ಇಳಿಸೋದು. ಜಿಮ್ ಬಿಡೋದಲ್ಲ, ಅದೇ ಲಿಫ್ಟ್ ಮಾಡಿ, ಸೆಟ್ ಅರ್ಧ ಮಾಡಿ, ವೇಟ್ 10ರಿಂದ 20 ಪರ್ಸೆಂಟ್ ಇಳಿಸಿ. ನಾನು ಸ್ಕ್ವಾಟ್ 45 ಕೆಜಿ ಐದೈದರ ನಾಲ್ಕು ಸೆಟ್ ಮಾಡ್ತಿದ್ರೆ ಆ ವಾರ 40 ಕೆಜಿ ಐದೈದರ ಎರಡೇ ಸೆಟ್. ಮುಗಿಸಿ ಹೊರಡುವಾಗ ಇನ್ನೂ ಮಾಡ್ಬೋದಿತ್ತು ಅನ್ನಿಸತ್ತೆ, ಅನ್ನಿಸ್ಲಿ, ಹಾಗೇ ಚಪ್ಪಲಿ ಹಾಕ್ಕೊಂಡು ಮನೆಗೆ ಹೋಗಿ.

ಆ ವಾರ ಯಾವಾಗ ಬರ್ಬೇಕು ಅನ್ನೋದನ್ನ ಮಾತ್ರ ಮೊಬೈಲಿನ ವರ್ಕೌಟ್ ಆಪ್‌ಗೆ ಬಿಡ್ಬೇಡಿ, ಅಡುಗೆಮನೆ ಗೋಡೇಲಿರೋ ಕ್ಯಾಲೆಂಡರ್ ತಗೊಂಡು ಕೂತ್ಕೊಳ್ಳಿ. ಗದ್ದೆ ಇರೋರಿಗೆ ಜುಲೈ ಆಗಸ್ಟಲ್ಲಿ ನಾಟಿ, ಆಮೇಲೆ ಗೌರಿ ಗಣೇಶ, ನವರಾತ್ರಿ, ಭೂಮಿ ಹುಣ್ಣಿಮೆ, ದೀಪಾವಳಿ, ಅದಾದ ಮೇಲೆ ತಿಂಗಳುಗಟ್ಟಲೆ ಅಡಿಕೆ, ಎರಡು ವರ್ಷಕ್ಕೊಮ್ಮೆ ಶಿವಮೊಗ್ಗದ ಕೋಟೆ ಮಾರಿಕಾಂಬ ಜಾತ್ರೆ ಬಂದ್ರೆ ಮನೆ ತುಂಬಾ ನೆಂಟ್ರು. ಈ ವಾರಗಳಲ್ಲಿ ಗಂಡಸ್ರಿಗೆ ಜಿಮ್ ತಪ್ಪಿದ್ರೆ ರೆಸ್ಟ್, ನಮಗೆ ತಪ್ಪಿದ್ರೆ ಬೇರೆ ಥರದ ವರ್ಕೌಟ್. ಭೂಮಿ ಹುಣ್ಣಿಮೆ ಹಿಂದಿನ ರಾತ್ರಿ ಇಡೀ ನಿದ್ದೆಗೆಟ್ಟು ಸೊಪ್ಪು ಬೇಯಿಸಿ, ಕಡುಬು ಮಾಡಿ, ಬೆಳಗಾಗೋ ಮುಂಚೆ ಬುಟ್ಟಿ ಗದ್ದೆಗೆ ಕಳ್ಸಿರ್ತೀವಿ, ಅವತ್ತು ಸಂಜೆ ಹೋಗಿ ಭಾರದ ಸ್ಕ್ವಾಟ್ ಮಾಡೋದು ಬೇಡ, ಮಾರನೇ ದಿನವೂ ಬೇಡ. ಆ ವಾರಾನೇ ಡಿಲೋಡ್ ಅಂತ ಮೊದಲೇ ಪೆನ್ಸಿಲಲ್ಲಿ ಗೀಟು ಹಾಕಿಡಿ, ಆಮೇಲೆ ನಿಜವಾಗ್ಲೂ ಮಲಗೋಕೆ ಒಂದು ಪೂರ್ತಿ ದಿನವನ್ನೂ ಬರೆದು ಮನೆಯವ್ರಿಗೆಲ್ಲ ಹೇಳಿಬಿಡಿ. ಹೇಳದಿದ್ರೆ ಆ ದಿನ ನಿಮಗೆ ಸಿಗಲ್ಲ.

ಮುಟ್ಟಿನ ದಿನಗಳ ಬಗ್ಗೆ ತುಂಬಾ ಜನ ಕೇಳ್ತಾರೆ. ಎತ್ತಲೇಬಾರ್ದು ಅಂತ ನಿಯಮ ಏನಿಲ್ಲ, ಇಂಥ ವಾರ ಭಾರ ಎತ್ತಿ, ಇಂಥ ವಾರ ಬಿಡಿ ಅಂತ ಎಲ್ರಿಗೂ ಒಂದೇ ಚಾರ್ಟ್ ಮಾರೋರನ್ನ ನಂಬೋಕೂ ಹೋಗ್ಬೇಡಿ, ಒಬ್ಬೊಬ್ಬರ ಮೈ ಒಂದೊಂದು ಥರ. ಮೂರು ತಿಂಗಳು ಡೈರೀಲಿ ತಾರೀಖು, ನಿದ್ದೆ, ಅವತ್ತು ಎತ್ತಿದ್ದು ಬರೀರಿ, ನಿಮ್ಮದೇ ಲೆಕ್ಕ ಸಿಗತ್ತೆ. ನಂಗೆ ಮೊದಲ ದಿನ ಕಾಲು ಸೆಳೆತ ಜಾಸ್ತಿ, ಅದಕ್ಕೆ ಡೆಡ್‌ಲಿಫ್ಟ್ ಎರಡು ದಿನ ಮುಂದೆ ಹಾಕ್ತೀನಿ, ನನ್ನ ಫ್ರೆಂಡಿಗೆ ಏನೂ ಅನ್ಸಲ್ಲ, ಅವಳು ಮಾಡ್ತಾಳೆ. ರಕ್ತಸ್ರಾವ ಜಾಸ್ತಿ ಇದ್ದು ಸುಸ್ತು ಹೋಗ್ತಾನೇ ಇಲ್ಲ ಅಂದ್ರೆ ಹಿಮೋಗ್ಲೋಬಿನ್ ಚೆಕ್ ಮಾಡ್ಸಿ. ಇನ್ನೊಂದು ಮಾತು ಗಟ್ಟಿಯಾಗಿ ಹೇಳ್ತೀನಿ: ಟ್ರೇನಿಂಗ್ ಜಾಸ್ತಿ ಮಾಡಿ ಊಟ ಕಮ್ಮಿ ಮಾಡಿ ಮೂರು ತಿಂಗಳು ಮುಟ್ಟೇ ಆಗಿಲ್ಲ ಅಂದ್ರೆ ಅದು ಫಿಟ್‌ನೆಸ್ ಅಲ್ಲ ಮಾರಾಯ್ತಿ, ಹಾಗೇ ಬಿಟ್ರೆ ಮೂಳೆ ಸವೆಯತ್ತೆ, ತಡ ಮಾಡದೆ ಡಾಕ್ಟರ್ ಹತ್ರ ಹೋಗಿ.

ಜ್ವರ, ಮದುವೆ, ಪರೀಕ್ಷೆ ಅಂತ ಉದ್ದ ಗ್ಯಾಪ್ ಆದ್ರೆ ಗಾಬರಿ ಬೇಡ. ಎರಡು ಮೂರು ವಾರಕ್ಕೆ ಶಕ್ತಿ ಅಷ್ಟೇನೂ ಕರಗಲ್ಲ. ತಿಂಗಳಾಗಿದ್ರೆ ಹಳೇ ವೇಟಿನ ಮುಕ್ಕಾಲು ಭಾಗದಿಂದ, ಎರಡು ಮೂರು ತಿಂಗಳಾಗಿದ್ರೆ ಅರ್ಧದಿಂದ ಶುರು ಮಾಡಿ ವಾರವಾರ ಏರಿಸಿ, ಮೊದಲ ಸಲ ಬೆಳೆಸಿದ್ದಕ್ಕಿಂತ ಬೇಗ ವಾಪಸ್ ಬರತ್ತೆ. ಹೆರಿಗೆ ಆದವ್ರು ಮಾತ್ರ ಡಾಕ್ಟರ್ ಹೂಂ ಅಂದ ಮೇಲೇ ಬಾರ್ ಮುಟ್ಟಿ.

ಈ ಸಲವೂ ಕೊಯ್ಲಿಗೆ ಹೋಗ್ತೀನಿ, ಬಿಡೋಕಾಗಲ್ಲ. ಆ ಐದು ದಿನ ಕ್ಯಾಲೆಂಡರಲ್ಲಿ ಕೆಲಸದ ದಿನ ಅಂತಾನೇ ಬರ್ದಿದೀನಿ, ಸುಲಿಯುವಾಗ ಅರ್ಧ ಗಂಟೆಗೊಮ್ಮೆ ಎದ್ದು ಸೊಂಟ ನೆಟ್ಟಗೆ ಮಾಡ್ಕೊಂಡು ಅಂಗಳದಲ್ಲಿ ಎರಡು ಸುತ್ತು ಬರೋದು, ಬಂದ ಮೇಲೆ ಎರಡು ದಿನ ಏನೂ ಇಲ್ಲ. ಮೂರನೇ ದಿನ ಖಾಲಿ ಬಾರ್, 20 ಕೆಜಿ, ಕೈಯಲ್ಲಿ ಹಿಡ್ಕೊಂಡು ಮೂವತ್ತು ಸೆಕೆಂಡ್ ನಿಲ್ಲೋದು. ಬೆರಳು ನಡುಗಿದ್ರೆ ಅವತ್ತು ಅಷ್ಟಕ್ಕೇ ಇಟ್ಟು ಮನೆಗೆ, ನಡುಗದಿದ್ರೆ 40 ಹಾಕ್ತೀನಿ.