ಬೋರಿಬಂದರಿನಿಂದ ಠಾಣೆಗೆ: ಮೊದಲ ರೈಲಿನ ದಾರಿಯನ್ನು ನೋಡುವ ಬಗೆ

ಊರಿನಿಂದ ಬಂದ ನೆಂಟರನ್ನು ಮುಂಬಯಿ ಸುತ್ತಿಸುವ ನಾವು, ವಿ.ಟಿ.ಯ (ವಿಕ್ಟೋರಿಯಾ ಟರ್ಮಿನಸ್, ಈಗಿನ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಮುಂದೆ ನಿಲ್ಲಿಸಿ ಫೋಟೋ ತೆಗೆದು, ಭಾರತದ ಮೊದಲ ಪ್ರಯಾಣಿಕರ ರೈಲು ಇಲ್ಲಿಂದ ಹೊರಟಿತು ಎಂದು ಹೇಳಿ ಮುಗಿಸುತ್ತೇವೆ. ಆದರೆ 1853ರ ಏಪ್ರಿಲ್ 16ರಂದು ಆ ರೈಲು ಹೊರಟಾಗ ಈ ಕಟ್ಟಡವೇ ಇರಲಿಲ್ಲ, ಆಗ ಇಲ್ಲಿದ್ದದ್ದು ಬೋರಿಬಂದರ್ ನಿಲ್ದಾಣ. ವಿ.ಟಿ. ಕಟ್ಟಡದ ಕೆಲಸ ಶುರುವಾದದ್ದು 1878ರಲ್ಲಿ. ಮೊದಲ ರೈಲನ್ನು ಅರಿಯಬೇಕೆನ್ನುವವರು ಕಟ್ಟಡವನ್ನಲ್ಲ, ದಾರಿಯನ್ನು ನೋಡಬೇಕು. ಅದಕ್ಕೆ ಒಂದು ಮಧ್ಯಾಹ್ನ ಸಾಕು.

ಶನಿವಾರವನ್ನೇ ಆರಿಸಿಕೊಳ್ಳಿ. 1853ರ ಆ ದಿನವೂ ಶನಿವಾರವೇ ಆಗಿತ್ತು ಎಂಬುದು ಒಂದು ಕಾರಣ. ಭಾನುವಾರ ಹಳಿಯ ದುರಸ್ತಿಗೆಂದು ಮೆಗಾ ಬ್ಲಾಕ್ (ಕೆಲವು ಗಂಟೆ ಹಳಿ ಮುಚ್ಚುವುದು) ಇದ್ದರೆ, ಎಲ್ಲೆಡೆ ನಿಲ್ಲುವ ಸ್ಲೋ ಲೋಕಲ್‌ಗಳನ್ನು ಕೆಲವೆಡೆ ಮಾತ್ರ ನಿಲ್ಲುವ ಗಾಡಿಗಳ ಫಾಸ್ಟ್ ಹಳಿಗೆ ತಿರುಗಿಸುವುದರಿಂದ ನಡುವಿನ ಕೆಲವು ನಿಲ್ದಾಣಗಳು ತಪ್ಪಿಹೋಗುತ್ತವೆ ಎಂಬುದು ಹೆಚ್ಚು ಉಪಯುಕ್ತವಾದ ಕಾರಣ. ದಾರಿಯಲ್ಲಿ ಇಳಿದು ಹತ್ತುವುದಿದ್ದರೆ ಒಂದು ದಿನದ ಟೂರಿಸ್ಟ್ ಟಿಕೆಟ್ ಕೊಳ್ಳುವುದು ಸುಲಭ.

ಮೂರು ಗಂಟೆಯ ಹೊತ್ತಿಗೆ ನಿಲ್ದಾಣದಲ್ಲಿರಿ. ಹೊರಗಿನ ಗೇಟಿನ ಕಂಬಗಳ ಮೇಲಿರುವ ಸಿಂಹ ಮತ್ತು ಹುಲಿಯನ್ನು ನೋಡಿ: ಒಂದು ಇಂಗ್ಲೆಂಡಿಗೆ, ಇನ್ನೊಂದು ಭಾರತಕ್ಕೆ ಗುರುತು. ಬಳಿಕ ಪ್ಲಾಟ್‌ಫಾರ್ಮಿನ ಅಂಚಿನಿಂದ ಸ್ವಲ್ಪ ಹಿಂದೆ ನಿಂತು, ಹಳಿಗೆ ಇಳಿಯದೆ, ಎರಡು ಕಂಬಿಗಳ ನಡುವಿನ ಅಂತರವನ್ನು ಕಣ್ಣಿನಲ್ಲೇ ಅಳೆಯಿರಿ. ಐದೂವರೆ ಅಡಿ, ಅಂದರೆ 1676 ಮಿಲಿಮೀಟರ್. ಅಂದಿನ ಗವರ್ನರ್ ಜನರಲ್ ಲಾರ್ಡ್ ಡಾಲ್‌ಹೌಸಿ ಆರಡಿ ಇರಲಿ ಎಂದಿದ್ದರು. ಕೊನೆಗೆ ನಿಂತದ್ದು ಐದೂವರೆಗೆ. ಕಂಬಿ ಬದಲಾಯಿತು, ಉಗಿ ಹೋಗಿ ವಿದ್ಯುತ್ ಬಂತು, ಆದರೆ ಈ ಅಗಲ ಮಾತ್ರ ಅಂದಿನದೇ. ಬೆಂಗಳೂರು–ಮೈಸೂರು ನಡುವೆ ಬಹುಕಾಲ ಓಡಿದ ಮೀಟರ್ ಗೇಜ್ (ಒಂದು ಮೀಟರ್ ಅಗಲದ ಹಳಿಯ) ಗಾಡಿಯಲ್ಲಿ ಕುಳಿತವರಿಗೆ ಈ ವಿಸ್ತಾರದ ಬೆಲೆ ಥಟ್ಟನೆ ಹೊಳೆಯುತ್ತದೆ.

ಅಂದಿನ ಗಾಡಿ ಹೊರಟದ್ದು ಮಧ್ಯಾಹ್ನ ಮೂರೂವರೆಯ ಸುಮಾರಿಗೆ. ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಮೂರು ಎಂಜಿನ್‌ಗಳು, ಹದಿನಾಲ್ಕು ಡಬ್ಬಿಗಳು, ಸುಮಾರು 400 ಮಂದಿ ಆಹ್ವಾನಿತರು, 21 ತೋಪುಗಳ ವಂದನೆ. ನೀವೂ ಆ ಹೊತ್ತಿನ ಠಾಣೆ ಸ್ಲೋ ಹಿಡಿಯಿರಿ, ಎಡಗಡೆಯ ಕಿಟಕಿಯಲ್ಲಿ ಕುಳಿತುಕೊಳ್ಳಿ. ಬಿಸಿಲು ಮುಖಕ್ಕೇ ಹೊಡೆಯುತ್ತದೆ. ಆದರೂ ಮುಲುಂಡ್ ಬರುವಾಗ ಗುಡ್ಡಗಳು ಕಾಣುವುದು ಆ ಬದಿಗೇ.

ಭಾಯಖಳಾದಲ್ಲಿ (ಬೈಕಲ್ಲಾ) ಇಳಿಯುವುದನ್ನು ಮಾತ್ರ ತಪ್ಪಿಸಬೇಡಿ. ಜೀರ್ಣೋದ್ಧಾರಗೊಂಡ ಈ ಹಳೆಯ ನಿಲ್ದಾಣಕ್ಕೆ 2022ರಲ್ಲಿ ಯುನೆಸ್ಕೋದ ಏಷ್ಯಾ–ಪೆಸಿಫಿಕ್ ಪರಂಪರೆ ಸಂರಕ್ಷಣಾ ಪ್ರಶಸ್ತಿ ಸಂದಿದೆ, ವಿ.ಟಿ.ಗಿಂತ ಇದು ಹಳೆಯದು, ಜಂಬವೂ ಕಡಿಮೆ. ಮಾಟುಂಗಾದಲ್ಲಿ ಇಳಿಯುವುದಕ್ಕೆ ಇತಿಹಾಸದ ನೆಪ ಬೇಕಿಲ್ಲ, ಅಲ್ಲಿನ ಉಡುಪಿ ಹೋಟೆಲಿನ ಫಿಲ್ಟರ್ ಕಾಫಿಯೇ ಸಾಕು.

ಸಯನ್ ಬಂದಾಗ ಗಮನವಿಡಿ. ಮರಾಠಿಯಲ್ಲಿ ಇದು ಶೀವ್, ನಮ್ಮ ಸೀಮೆ ಎಂಬ ಮಾತಿನದೇ ಅರ್ಥ: ಮುಂಬಯಿ ದ್ವೀಪ ಮುಗಿದು ಪಕ್ಕದ ಸಾಷ್ಟಿ (ಸಾಲ್ಸೆಟ್) ದ್ವೀಪ ಶುರುವಾಗುವ ಗಡಿ. ಎಂಜಿನ್‌ಗಳಿಗೆ ನೀರು ತುಂಬಿಸಲು ಅಂದು ಗಾಡಿ ನಿಂತದ್ದು ಇಲ್ಲಿ. ಇಲ್ಲಿಂದ ಕುರ್ಲಾವರೆಗೆ ಆಗ ಜೌಗು ನೆಲ. ಮುಖ್ಯ ಎಂಜಿನಿಯರ್ ಜೇಮ್ಸ್ ಬರ್ಕ್ಲಿ ಅದರ ಮೇಲೆ ಏರಿ ಕಟ್ಟಿಸಿ ಹಳಿ ಹಾಸಬೇಕಾಯಿತು.

ಠಾಣೆಗೆ ಒಟ್ಟು 34 ಕಿಲೋಮೀಟರ್. ಅಂದು ಹಿಡಿದದ್ದು ಒಂದೂಕಾಲು ಗಂಟೆ. ಎಲ್ಲಾ ನಿಲ್ದಾಣಗಳಲ್ಲೂ ನಿಲ್ಲುವ ಇಂದಿನ ಸ್ಲೋ ಲೋಕಲ್‌ಗೆ ಸುಮಾರು ಒಂದು ಗಂಟೆ. ನೂರೆಪ್ಪತ್ತು ವರ್ಷಗಳಲ್ಲಿ ಉಳಿಸಿದ್ದು ಕಾಲು ಗಂಟೆಯೇ ಎಂದು ನಗಬಹುದು, ಆದರೆ ನಡುವಿನ ನಿಲ್ದಾಣಗಳನ್ನು ಎಣಿಸಿಕೊಂಡು ಬಂದವರು ನಗಲಾರರು. ಅತಿಥಿಗಳಿಗೆ ಠಾಣೆಯಲ್ಲಿ ಡೇರೆ ಹಾಕಿ ಉಪಚರಿಸಿದ್ದರು. ನಿಮಗೆ ಸ್ಟೇಷನ್ನಿನ ಹೊರಗೆ ವಡಾಪಾವ್ ಸಿಗುತ್ತದೆ. ತಿಂದು, ವಿ.ಟಿ. ಕಡೆಯ ಫಾಸ್ಟ್ ಹತ್ತಿ. ಸಂಜೆ ಆ ದಿಕ್ಕಿನ ಗಾಡಿಗಳಲ್ಲಿ ಕುಳಿತುಕೊಳ್ಳಲು ಜಾಗ ಸಿಗುವುದೇ ಹೆಚ್ಚು.